ಒಂದೇ ತಿರುವು ಹೇಳುವ ಚಾಚಾ

ಚಾಚಾನ ಬಲಗೈಯ ತೋರುಬೆರಳು ಅರ್ಧವೇ ಇತ್ತು. ದಾರಿ ತೋರಿಸುವಾಗ ಇಡೀ ಅಂಗೈ ಚಾಚುತ್ತಿದ್ದರು. ವಯಸ್ಸಿದ್ದಾಗ ಹಮಾಲಿ ಮಾಡಿ, ಆಮೇಲೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಗೇಟು ಕಾಯುತ್ತಿದ್ದವರು. ಯಾರೇ ದಾರಿ ಕೇಳಲಿ, ಯಾವ ಕೆಲಸಕ್ಕೆ ಬಂದಿರಿ ಎಂದು ಮೊದಲು ವಿಚಾರಿಸುವರು. ಆಮೇಲೆ ಒಂದೇ ತಿರುವು ಹೇಳಿ, ಅಲ್ಲಿ ಹೋಗಿ ಮತ್ತೆ ಕೇಳಿರಿ ಎನ್ನುವರು. ಇಡೀ ದಾರಿ ಒಮ್ಮೆಗೇ ಹೇಳಿದರೆ ಅರ್ಧ ಮರೆತುಹೋಗುತ್ತದೆ ಎಂಬುದು ಅವರ ವಾದ. ಇದೆಂಥ ಪುರಾಣ ಎಂದು ನಾನು ನಗುತ್ತಿದ್ದೆ.

ನಾನು ರಾಣೆಬೆನ್ನೂರಿನವನು. ಬ್ಯಾಡಗಿ ಮಾರುಕಟ್ಟೆಯ ವರ್ತಕರ ಸಂಘವೊಂದಕ್ಕೆ ವೆಬ್‌ಸೈಟ್ ಮಾಡಿದ್ದೆ. ನನಗದು ಮೊದಲ ಕೆಲಸ. ಮೆನುವಿನಲ್ಲಿ ಮೊದಲಿಗೆ ಅಧ್ಯಕ್ಷರ ನುಡಿ, ಆಮೇಲೆ ಸಂಘದ ಇತಿಹಾಸ, ಫೋಟೊಗಳು. ಅಂದಿನ ದರ ಬೇಕೆಂದರೆ ‘ಸೇವೆಗಳು’ ಒತ್ತಿ, ಅದರೊಳಗೆ ‘ಮಾಹಿತಿ’ ಒತ್ತಬೇಕು. ರೈತರಿಗೆ ಏನೂ ಸಿಗುತ್ತಿಲ್ಲ, ಗುರುವಾರದೊಳಗೆ ಸರಿಮಾಡದಿದ್ದರೆ ಕೆಲಸ ಹುಬ್ಬಳ್ಳಿಯವರಿಗೆ ಎಂದು ಅಧ್ಯಕ್ಷರು ಸೋಮವಾರ ಹೇಳಿಬಿಟ್ಟರು.

ಸಿಟ್ಟಿನಲ್ಲೇ ಗೇಟಿಗೆ ಬಂದು, ಮೆಣಸಿನಕಾಯಿ ತಂದಿದ್ದ ಅಜ್ಜಿಯೊಬ್ಬಳ ಕೈಗೆ ಮೊಬೈಲ್ ಕೊಟ್ಟು ದರ ಹುಡುಕಲು ಹೇಳಿದೆ. ಓದು ಬಲ್ಲವಳೇ. ಅಲ್ಲಿ ಇಲ್ಲಿ ಒತ್ತಿ, ಅಧ್ಯಕ್ಷರು ಶಾಲು ಹೊದ್ದ ಫೋಟೊದ ಮುಂದೆ ನಿಂತಳು. ಇಷ್ಟೂ ತಿಳಿಯುವುದಿಲ್ಲವೇ ಎಂದು ಗದರಿದೆ.

ಚಾಚಾ ಅವಳ ಕೈಯಿಂದ ಮೊಬೈಲ್ ತೆಗೆದು ನನ್ನ ಕೈಗಿಟ್ಟರು. “ತಮ್ಮಾ, ದಾರಿ ತಪ್ಪಿದವರನ್ನ ಬೈಬ್ಯಾಡ. ಆ ಯವ್ವ ದರ ಕೇಳಾಕ ಬಂದಾಳ. ನೀ ಅಕಿನ್ನ ಅಧ್ಯಕ್ಷರ ಮನಿಗೆ ಕರ್ಕೊಂಡು ಹೋಗೀದಿ.”

ಎರಡು ದಿನ ಅವರ ಪಕ್ಕದಲ್ಲಿ ಕೂತು, ಬಂದವರು ಕೇಳಿದ್ದನ್ನೆಲ್ಲ ಬರೆದುಕೊಂಡೆ. ಸಂಘದ ಇತಿಹಾಸವನ್ನು ಒಬ್ಬರಾದರೂ ಕೇಳಬೇಕಲ್ಲ! ಇವತ್ತಿನ ದರ ಎಷ್ಟು, ಅಂಗಡಿ ಎಲ್ಲಿ, ಚೀಲ ಎಲ್ಲಿ ಇಳಿಸಬೇಕು: ಅವರ ಪ್ರಶ್ನೆಗಳನ್ನೇ ಅವರ ಮಾತಿನಲ್ಲೇ ಮೆನುವಿನಲ್ಲಿ ಇಟ್ಟೆ. ಒಂದು ಪುಟಕ್ಕೆ ಒಂದೇ ತಿರುವು.

ಗುರುವಾರ ರೈತರು ಯಾರನ್ನೂ ಕೇಳದೆ ದರ ನೋಡಿಕೊಂಡರು. ಕೆಲಸ ಉಳಿಯಿತು. ಇದು ಯಾರ ತಲೆ ಎಂದು ಅಧ್ಯಕ್ಷರು ಕೇಳಿದಾಗ, “ನಂದ ರೀ” ಎಂದೆ. ಚಾಚಾ ಸಂಘದ ಕಚೇರಿಯ ಬಾಗಿಲಲ್ಲೇ ಇದ್ದರು. ನನ್ನ ಮುಖ ನೋಡಿ ಗೇಟಿಗೆ ಹೋದರು. ಮರುದಿನ ಎಂದಿನಂತೆ ಚಹಾ ಕುಡಿಸಿದರು. ಬೈದಿದ್ದರೆ ಬಚಾವಾಗುತ್ತಿದ್ದೆ.

ಈ ವರ್ಷ ರಂಜಾನಿಗೆ ಮುಂಚೆ ಚಾಚಾ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಮಗ ನನ್ನ ಭುಜ ಹಿಡಿದು ನೆಂಟರಿಗೆ ಪರಿಚಯಿಸಿದ. “ಪ್ಯಾಟಿ ವೆಬ್‌ಸೈಟ್ ಮಾಡಿದಾವ ಇವನ. ಎಲ್ಲಾ ತನ್ನ ತಲಿಯಿಂದನ ಮಾಡ್ಯಾನ ಅಂತ ನಮ್ಮ ಅಬ್ಬಾ ಭಾಳ ಹೊಗಳತಿದ್ರು.”

ಅದು ಚಾಚಾನ ತಲೆ ಎಂದು ಆಗಲೂ ನಾನು ಹೇಳಲಿಲ್ಲ.