ಒಂಬತ್ತನೇ ಬಿ ತರಗತಿಯ ದಾದಾ

ಎಡಗಣ್ಣಿಗೆ ಬಿಳಿಯ ಅಂಗಿಗುಂಡಿ, ಬಲಗಣ್ಣಿಗೆ ಕಂದು. ಬಾಯಿಯ ಜಾಗದಲ್ಲಿ ಕೆಂಪು ದಾರದ ಆರು ಹೊಲಿಗೆ. ಮೈ ಹಸಿರು ಕಾಲುಚೀಲದ್ದು.

ಕಳೆದ ಭಾನುವಾರ ಡೊಂಬಿವಲಿಯ ಮನೆಯಲ್ಲಿ ಬಿ.ಎಡ್. ಕಾಲದ ಫೈಲುಗಳನ್ನು ಕೆಳಗಿಳಿಸುವಾಗ ಈ ಕೈಗೊಂಬೆ ನೆಲಕ್ಕೆ ಬಿತ್ತು. ನಾನು ಈಗ ಕಲಿಸುವ ನವಿ ಮುಂಬಯಿಯ ಬಿ.ಎಡ್. ಕಾಲೇಜಿನಲ್ಲಿ ಮರುದಿನ ನನ್ನ ಉಪನ್ಯಾಸವಿತ್ತು. ತರಗತಿಯಲ್ಲಿ ಹೆಣ್ಣು ಗಂಡೆಂಬ ಭೇದ ಮಾಡದಿರುವುದು ಹೇಗೆಂದು ಭಾವಿ ಶಿಕ್ಷಕರಿಗೆ ಹೇಳಬೇಕಿತ್ತು. ಅದಕ್ಕೆ ಹಳೆಯ ಟಿಪ್ಪಣಿ ಹುಡುಕುತ್ತಿದ್ದೆ.

"ಎಂತದು ಅದು? ನೀನು ಹೊಲಿದದ್ದಾ?" ಎಂದು ಅಮ್ಮ ಕೇಳಿದರು.

"ಅಲ್ಲ" ಎಂದೆ. ಆ ಪ್ರಶ್ನೆಗೆ ನಾನು ನಿಜ ಹೇಳಿದ್ದು ಅದೇ ಮೊದಲು.

ಹೊಲಿದವರು ನನ್ನ ಸಹಪಾಠಿ. ಕಲ್ಯಾಣದ ಕಾಲೇಜಿನಲ್ಲಿ ನಮ್ಮ ತಂಡದಲ್ಲಿದ್ದವರೆಲ್ಲ ಹುಡುಗಿಯರು, ಗಂಡಸು ಅವರೊಬ್ಬರೇ. ಮರಾಠಿಯಲ್ಲಿ ಅಣ್ಣನನ್ನು ಕರೆಯುವಂತೆ ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದೆವು. ವಿಜಯಪುರದ ಕಡೆಯವರು, ಮನೆ ಮುಂಬ್ರಾದಲ್ಲಿ. ವಾಗ್ಳೆ ಎಸ್ಟೇಟಿನ ಬಟ್ಟೆ ಕಾರ್ಖಾನೆಯಲ್ಲಿ ಹತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ಬಿಡುವಿನಲ್ಲಿ ಪದವಿ ಮುಗಿಸಿ, ಶಿಕ್ಷಕರಾಗಲೆಂದು ಆ ಕೆಲಸ ಬಿಟ್ಟು ಬಂದಿದ್ದರು. "ಮನ್ಯಾಗ ಹೆಂಡ್ತಿ ಎರಡು ವರ್ಷದ ಗಡುವು ಕೊಟ್ಟಾಳ. ಮೂರನೇ ವರ್ಷ ಕೇಳಿದ್ನೆಂದ್ರ ಮಷೀನ್ ಮುಂದ ಕುಂದರ್ಸತಾಳ" ಎಂದು ನಗುತ್ತಿದ್ದರು. ಕನ್ನಡ ಬಲ್ಲವರು ನಾವಿಬ್ಬರೇ. ಲೋಕಲ್ ಕಾಯುತ್ತ ಮಾತಾಡುತ್ತಿದ್ದೆವು. ಅವರ ದನಿ ಎಷ್ಟು ಮೆತ್ತಗೆಂದರೆ, ಪಕ್ಕದ ಹಳಿಯಲ್ಲಿ ಗಾಡಿ ಹೋದರೆ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ…

ಎರಡನೇ ವರ್ಷ ನಮ್ಮ ತಂಡವನ್ನು ಪಾಠದ ಅಭ್ಯಾಸಕ್ಕೆಂದು ಒಂದು ಶಾಲೆಗೆ ಕಳಿಸಿದರು. ಲೀಡರ್ ನಾನು. ಯಾರಿಗೆ ಯಾವ ತರಗತಿ ಎಂಬ ಪಟ್ಟಿ ಮಾಡುವುದು ನನ್ನ ಕೆಲಸ.

"ತಂಗೀ, ನನಗ ಐದನೇತ್ತ ಹಾಕವಾ. ಸಣ್ಣ ಹುಡುಗರ ಜೋಡಿ ನನಗ ಜಮತೈತಿ."

ನಾನು ತಲೆ ಎತ್ತಲಿಲ್ಲ. "ದಾದಾ, ಗಂಡಸು ಅಂತ ಇರುವುದು ನೀವೊಬ್ಬರು. ಒಂಬತ್ತನೇ ಬಿ ನೀವಲ್ಲದೆ ನಾವಾ ಸಂಭಾಳಿಸುವುದು?"

ಪಕ್ಕದಲ್ಲಿದ್ದವಳು, "ದಾದಾ ಕೋ ಸೀಧಾ ಬಾಲವಾಡಿ ದೇ ದೋ ಯಾರ್, ಲೋರಿ ಗಾಯೇಂಗೇ" ಎಂದಳು. ಅವರು ಜೋಗುಳ ಹಾಡುವುದನ್ನು ನೆನೆದು ಎಲ್ಲರೂ ನಕ್ಕರು. ದಾದಾ ಕೂಡ ನಕ್ಕರು. ಐದನೇ ತರಗತಿಯನ್ನು ನನ್ನ ಹೆಸರಿನ ಮುಂದೆ ಬರೆದುಕೊಂಡೆ.

ಆ ಶಾಲೆಯಲ್ಲಿ ಶಿಕ್ಷಕಿಯರನ್ನು ಬಾಯಿ ಎಂದು ಕರೆಯುವುದು ರೂಢಿ. ಒಂದು ವಾರದಲ್ಲಿ ಒಂಬತ್ತನೇ ಬಿ ಹುಡುಗರು ದಾದಾನನ್ನೂ ಬಾಯಿ ಎನ್ನತೊಡಗಿದರು. ಅವರ ದನಿಯನ್ನು ಅಣಕಿಸುತ್ತಿದ್ದರು. ದಾದಾ ಹೊಡೆಯಲಿಲ್ಲ, ಕಿರುಚಲೂ ಇಲ್ಲ. ಗದ್ದಲದ ಬಗ್ಗೆ ಶಾಲೆಯವರು ಕಾಲೇಜಿಗೆ ದೂರು ಕೊಟ್ಟರು.

ಒಂದು ದಿನ ನಾನು ಬರುವುದು ತಡವಾಗಿ, ನನ್ನ ಐದನೇ ತರಗತಿಯಲ್ಲಿ ದಾದಾ ನಿಂತಿದ್ದರು. ನಿಂತಿದ್ದರು ಎನ್ನುವುದು ತಪ್ಪು. ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮೇಲೆ ಕಾಣುತ್ತಿದ್ದುದು ಹಸಿರು ಗೊಂಬೆ ಮಾತ್ರ. ಅವರ ಮೆಲುದನಿ ಕೇಳಿಸಲೆಂದು ಮಕ್ಕಳು ಉಸಿರು ಬಿಗಿಹಿಡಿದಿದ್ದರು. ನನ್ನ ಪಾಠದಲ್ಲಿ ತಿಂಗಳಿಡೀ ತುಟಿ ಬಿಚ್ಚದ ಹುಡುಗಿಯೊಬ್ಬಳು ಎದ್ದು ನಿಂತು, "ತುಝಾ ಡಬಾ ಕುಠೇ ಆಹೇ? ರೋಜ್ ವಿಸರತೋಸ್!" ಎಂದು, ದಿನವೂ ಊಟದ ಡಬ್ಬಿ ಮರೆಯುವ ಆ ಗೊಂಬೆಯನ್ನು ಗದರುತ್ತಿದ್ದಳು. ಗಂಟೆ ಹೊಡೆಯುವವರೆಗೂ ನಾನು ಬಾಗಿಲಲ್ಲೇ ಇದ್ದೆ.

ಆ ಶನಿವಾರ ನಮ್ಮ ಮಾರ್ಗದರ್ಶಕಿ ದಾದಾನ ಬಗ್ಗೆ ಲೀಡರಿನ ವರದಿ ಕೇಳಿದರು. ಬರೆದುಕೊಟ್ಟೆ: ದನಿಯಲ್ಲಿ ಅಧಿಕಾರವಿಲ್ಲ, ಪುರುಷ ಶಿಕ್ಷಕರಿಂದ ನಿರೀಕ್ಷಿಸುವ ಹಿಡಿತ ಕಾಣಲಿಲ್ಲ. ಐದನೇ ತರಗತಿಯ ಆ ಪಾಠದ ಬಗ್ಗೆ ಒಂದಕ್ಷರವೂ ಬರೆಯಲಿಲ್ಲ. ಅದು ಪಟ್ಟಿಯಲ್ಲಿರದ ಪಾಠ ಎಂದು ಸಮಾಧಾನ ಮಾಡಿಕೊಂಡೆ. ನಿಜವೇನೆಂದರೆ, ಬರೆದಿದ್ದರೆ ಆ ಹುಡುಗಿ ನನ್ನೆದುರು ಏಕೆ ಮಾತಾಡಲಿಲ್ಲ ಎಂಬ ಪ್ರಶ್ನೆ ಏಳುತ್ತಿತ್ತು.

ದಾದಾ ಅನುತ್ತೀರ್ಣರಾದರು. ಶಾಲೆಯ ಅಭ್ಯಾಸವನ್ನು ಮುಂದಿನ ವರ್ಷ ಮೊದಲಿನಿಂದ ಮಾಡಬೇಕಿತ್ತು. ಅವರಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಕಾಲೇಜು ಬಿಡುವ ದಿನ ಚೀಲದಿಂದ ಗೊಂಬೆ ತೆಗೆದು ನನ್ನ ಕೈಗಿಟ್ಟರು. "ಐದನೇತ್ತ ನಿನ್ನ ಕಡೆ ಐತಲ್ಲ. ಉಪಯೋಗ ಬೀಳತೈತಿ, ಇಟ್ಕೋ." ನನ್ನ ವರದಿಯ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ… ನಾನು ಕೇಳಲಿಲ್ಲ.

ಉಪಯೋಗಕ್ಕೆ ಬಂತು. ನನ್ನ ಅಂತಿಮ ಪಾಠದ ವಿಷಯ ಲಿಂಗ ಸಮಾನತೆ. ಗೊಂಬೆಯನ್ನು ಅಪ್ಪನನ್ನಾಗಿ ಮಾಡಿ ಅದರ ಕೈಯಲ್ಲಿ ಚಪಾತಿ ಲಟ್ಟಿಸಿದೆ. ಮಕ್ಕಳು ನಕ್ಕು ನಲಿದರು. ಪಾಠ ಮುಗಿದ ಮೇಲೆ ಪರೀಕ್ಷಕಿ ಗೊಂಬೆಯನ್ನು ಒಳಹೊರಗು ಮಾಡಿ ಹೊಲಿಗೆ ನೋಡಿ, "ನೀನೇ ಹೊಲಿದದ್ದಾ?" ಎಂದು ಕೇಳಿದರು.

ಹೌದು ಎಂದೆ.

"ನೋಡಿ, ಹೆಣ್ಣುಮಕ್ಕಳ ಕೈ ಅಂದರೆ ಹೀಗಿರಬೇಕು" ಎಂದು ಅವರು ಎಲ್ಲರಿಗೂ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಪಾಠಕ್ಕೆ ಬಂದ ಪ್ರಮಾಣಪತ್ರವನ್ನು ಈಗಿನ ಕೆಲಸದ ಅರ್ಜಿಗೂ ಲಗತ್ತಿಸಿದ್ದೆ.

ಭಾನುವಾರ ದಾದಾನ ಹಳೆಯ ನಂಬರಿಗೆ ಫೋನ್ ಮಾಡಿದೆ. ಯಾರೋ ಹೆಂಗಸು ಎತ್ತಿ ರಾಂಗ್ ನಂಬರ್ ಎಂದರು. ದಾದಾ ಮತ್ತೆ ಕಾರ್ಖಾನೆ ಸೇರಿದರೆಂದು ಹಿಂದೊಮ್ಮೆ ನಮ್ಮ ತಂಡದ ಒಬ್ಬಳು ಹೇಳಿದ್ದಳು. ಊರಿಗೆ ಹೋದರೆಂದು ಇನ್ನೊಬ್ಬಳು. ಆಗ ನಾನು ವಿಚಾರಿಸಲಿಲ್ಲ. ಈಗ ವಿಚಾರಿಸಲು ಅವರಾರ ಸಂಪರ್ಕವೂ ಉಳಿದಿಲ್ಲ.

ಉಪನ್ಯಾಸ ಸಿದ್ಧಮಾಡಲು ಲ್ಯಾಪ್‌ಟಾಪ್ ತೆರೆದಾಗ, ಈ ವರ್ಷದ ವಿದ್ಯಾರ್ಥಿಗಳು ಶಾಲೆಗೆ ಹೋಗುವ ಪಟ್ಟಿ ಕಣ್ಣಿಗೆ ಬಿತ್ತು. ಶುಕ್ರವಾರ ನಾನೇ ಸಹಿ ಹಾಕಿ ನೋಟಿಸ್ ಬೋರ್ಡಿಗೆ ಕಳಿಸಿದ್ದು. ಗಂಡಸರು ಮೂವರು. ಒಂಬತ್ತನೇ ತರಗತಿ, ಒಂಬತ್ತನೇ ತರಗತಿ, ಹತ್ತನೇ ತರಗತಿ. ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಾಲೇಜಿಗೆ ಹೋಗಿ ಬೋರ್ಡಿನಿಂದ ಆ ಹಾಳೆ ಕಿತ್ತೆ. ಉಪನ್ಯಾಸಕ್ಕೆ ಮುಂಚೆ ಮೂವರನ್ನೂ ಕರೆದು, ನಿಮಗೆ ಯಾವ ತರಗತಿ ಬೇಕು ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕೋಯೀ ಭೀ ಚಲೇಗಾ ಮ್ಯಾಮ್" ಎಂದ ಒಬ್ಬ, ಉಳಿದಿಬ್ಬರೂ ಯಾವುದಾದರೂ ಆದೀತೆಂದು ತಲೆಯಾಡಿಸಿದರು. ನಾನು ಇಬ್ಬರನ್ನು ಹೊರಗೆ ಕಾಯಲು ಹೇಳಿ, ಬಾಗಿಲು ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ ಮತ್ತೆ ಕೇಳಿದೆ.