ಮುಂಚೆಯೇ ಹೇಳಿಬಿಡುತ್ತಿದ್ದ ಮೇಡಂ

ಹೋದ ವಾರ ವೈಟ್‌ಫೀಲ್ಡಿನಲ್ಲಿ ಮೆಟ್ರೋ ಹತ್ತಿ ಪೇಟೆಯ ಒಂದು ಏಜೆನ್ಸಿಗೆ ಕೆಲಸ ಕೇಳಿಕೊಂಡು ಹೊರಟಿದ್ದೆ. ಮೆಟ್ರೋದಲ್ಲಿ ಪಕ್ಕದ ಹೆಂಗಸೊಬ್ಬರು ಪುಟ್ಟ ಡಬ್ಬಿ ತೆಗೆದು ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡರು. ಆ ಘಾಟು ಮೂಗಿಗೆ ಬಡಿಯಿತು. ನೆನಪಾಗಿದ್ದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿದ್ದ ಸಾಫ್ಟ್‌ವೇರ್ ಕಂಪನಿ ಬಸ್ಸು, ಕಿಟಕಿ ಪಕ್ಕದ ಸೀಟು, ಅಲ್ಲಿ ಕೂತು ದಿನಾ ಇದೇ ಮುಲಾಮು ಹಚ್ಚಿಕೊಳ್ಳುತ್ತಿದ್ದ ನಮ್ಮ ಪ್ಲಾನಿಂಗ್ ಮೇಡಂ...

ಆಗ ನಾನು ಲಗ್ಗೆರೆಯಲ್ಲಿದ್ದೆ. ಮೇಡಂ ಪೀಣ್ಯದ ಹತ್ತಿರದ ಅಪಾರ್ಟ್‌ಮೆಂಟಿನಿಂದ ಅದೇ ಬಸ್ಸಿಗೆ ಬರುತ್ತಿದ್ದರು. ರಾಣೆಬೆನ್ನೂರಿನ ಕಡೆಯವರು, ಐವತ್ತು ದಾಟಿದವರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಅದರ ಮೇಲೆ ಮುಲಾಮು. ನಾವಿಬ್ಬರೂ ಏಜೆನ್ಸಿ ಮೂಲಕ ಬಂದ ಗುತ್ತಿಗೆಯವರು. ಕಾಯಂ ನೌಕರರ ಕೊರಳಲ್ಲಿ ಗುರುತಿನ ಕಾರ್ಡಿನ ನೀಲಿ ಪಟ್ಟಿ, ನಮ್ಮ ಕೊರಳಲ್ಲಿ ಹಳದಿ. ಮೂರು ತಿಂಗಳಿಗೊಮ್ಮೆ ಗುತ್ತಿಗೆ ಮುಂದುವರಿಯಬೇಕಿತ್ತು. ಮುಂದುವರಿಯದಿದ್ದರೆ ಯಾರೂ ಕರೆದು ಹೇಳುತ್ತಿರಲಿಲ್ಲ. ಏಜೆನ್ಸಿಯ ಮೇಲ್ ಬರುವ ಮೊದಲೇ ಗೇಟಿಗೆ ಗೊತ್ತಾಗಿರುತ್ತಿತ್ತು. ಕಾರ್ಡು ತೋರಿಸಿದರೆ ಹಸಿರು ದೀಪದ ಬದಲು ಕೆಂಪು ದೀಪ, ಅಷ್ಟೇ. ಯಾವ ಬಾಸಿನ ಮುಖಕ್ಕಿಂತ ನನಗೆ ಆ ಗೇಟಿನದೇ ಹೆಚ್ಚು ಹೆದರಿಕೆ.

ಮೇಡಂ ಅಲ್ಲಿಗೆ ಬರುವ ಮುಂಚೆ ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರ ಕೂರಿಸುವ ಕೆಲಸಕ್ಕೆ ಯೋಜನೆ ಹಾಕುತ್ತಿದ್ದರು. ಮೊದಲು ಅಡಿಪಾಯ, ಅದು ಗಟ್ಟಿಯಾದ ಮೇಲೆ ಯಂತ್ರ, ಆಮೇಲೆ ಕರೆಂಟು. ಶುರುವಿನಿಂದ ಕೊನೆಯವರೆಗೆ ಎಲ್ಲವೂ ಗೋಡೆಯಗಲದ ಒಂದೇ ನಕ್ಷೆಯಲ್ಲಿ. ಶನಿವಾರದ ಮೀಟಿಂಗಿನಲ್ಲಿ "ಇದು ನನ್ನಿಂದ ಆಗುತ್ತಿಲ್ಲ" ಎಂದು ಮುಂಚೆಯೇ ಹೇಳಿದವರಿಗೆ ಬೈಗುಳದ ಜೊತೆಗೆ ಸಹಾಯಕ್ಕೆ ಆಳುಗಳೂ ಸಿಗುತ್ತಿದ್ದರಂತೆ. ಮುಚ್ಚಿಟ್ಟವರಿಗೆ ಬರೀ ಬಾಗಿಲು ತೋರಿಸುತ್ತಿದ್ದರಂತೆ.

"ಹಸಿ ಕಾಂಕ್ರೀಟಿನ ಮ್ಯಾಲ ಮಷಿನ್ ಕುಂದ್ರಿಸಿ ನೀ ಬಾಯಿ ಮುಚ್ಕೊಂಡ್ರ, ಮಷಿನ್ ಸುಮ್ನಿರ್ತೈತೇನವಾ? ಕುಸಿದು ತಾನ ಹೇಳ್ತೈತಿ," ಎನ್ನುತ್ತಿದ್ದರು.

ಆಮೇಲೆ ಏಜೆನ್ಸಿಗಳು ಎಲ್ಲರನ್ನೂ ಒಂದೇ ಪದ ಕೇಳತೊಡಗಿದವು: ಅಜೈಲ್. ದೊಡ್ಡ ಯೋಜನೆ ಬೇಡ, ಎರಡೆರಡು ವಾರದ ತುಂಡು ಮಾಡಿ ಕೆಲಸ ಮುಗಿಸುತ್ತಾ ಹೋಗಿ ಎನ್ನುವ ಪದ್ಧತಿ. ಮೇಡಂ ಭಾನುವಾರಗಳನ್ನು ಕ್ಲಾಸಿಗೆ ಕೊಟ್ಟು ಸರ್ಟಿಫಿಕೇಟು ತಗೊಂಡು ನಮ್ಮ ತಂಡಕ್ಕೆ ಬಂದರು. ಅಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ಸುತ್ತ ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡಚಣೆ ಏನಾದರೂ ಇದೆಯೇ ಎಂದು ಹೇಳಬೇಕು. ಹಳದಿ ಪಟ್ಟಿಯವರು ಒಬ್ಬರಾದರೂ ಅಡಚಣೆ ಇದೆ ಎಂದದ್ದು ನನ್ನ ಕಿವಿಗೆ ಬಿದ್ದಿಲ್ಲ. ಮೈಗೆ ಬೆಂಕಿ ಹತ್ತಿಕೊಂಡಿದ್ದರೂ "ಏನೂ ಇಲ್ಲ" ಎನ್ನುವ ಜನ ನಾವು. ಮೇಡಂ ಕೂಡ ಹಾಗೇ ಅನ್ನಲು ಕಲಿತರು. ಆದರೆ ಆ ಒಂದು ಸುಳ್ಳಿಗೆ ಅವರಿಗೆ ತಲೆನೋವು ಬರುತ್ತಿತ್ತು.

ಒಂದು ಸಲ ಗುತ್ತಿಗೆ ಮುಗಿಯುವ ಹೊತ್ತಿಗೆ, ಈ ಬಾರಿ ಹಳದಿಯವರಲ್ಲಿ ಒಬ್ಬರನ್ನು ಕಡಿಮೆ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತು. ಕ್ಯಾಂಟೀನಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟೆವು. ಬಸ್ಸಿನಲ್ಲಿ ಮೇಡಂ ನನ್ನ ಕೈ ಹಿಡಿದುಕೊಂಡು, "ಈ ವಯಸ್ಸಿಗೆ ಇದು ಹೋದ್ರ ನನ್ನ ಮತ್ಯಾರೂ ಕರಿಯಂಗಿಲ್ಲ. ಭಾಳ ಹೆದ್ರಿಕಿ ಆಗ್ತೈತಿ ನೋಡವಾ," ಎಂದರು. ಅವರ ಕೈ ಒದ್ದೆಯಾಗಿತ್ತು. ನನ್ನದೂ.

ಅದೇ ವಾರ ಹಿನ್ನೋಟದ ಮೀಟಿಂಗು. ಎರಡು ವಾರದ ತುಂಡು ಮುಗಿದಾಗಲೆಲ್ಲ, ಏನು ಸರಿಹೋಗಲಿಲ್ಲ ಎಂದು ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸುವ ಪದ್ಧತಿ. ನಮ್ಮ ತಂಡದ ಮುಖ್ಯಸ್ಥ, ನಗುಮುಖದ ಹುಡುಗ, ಪ್ರತಿ ಸಲದಂತೆ ಹೇಳಿದ: "ಓಪನ್ ಆಗಿ ಬರೀರಿ ಗುರು. ಇಲ್ಲಿ ಯಾರೂ ಯಾರ್ನೂ ಜಡ್ಜ್ ಮಾಡಲ್ಲ."

ಆ ಮಾತಿಗೆ ಏನರ್ಥ ಎಂದು ನಮಗೆಲ್ಲ ಗೊತ್ತಿತ್ತು. ಎಸಿ ತಂಪು ಜಾಸ್ತಿ ಎಂದು ಒಬ್ಬ, ಕಾಫಿ ಮಷಿನ್ ಕೆಟ್ಟಿದೆ ಎಂದು ಇನ್ನೊಬ್ಬ. ಎಸಿಯ ಮೇಲೆ ನಾವು ಬರೆದ ದೂರುಗಳಿಗೆ ಅದು ನಾಚಿಕೊಂಡಾದರೂ ನಿಂತುಹೋಗಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಮೇಡಂ ತುಂಬ ಹೊತ್ತು ಬರೆದರು. ಕಣ್ಣು ಹಾಯಿಸಿದೆ. "ಈ ಪದ್ಧತಿ ನನಗೆ ಇನ್ನೂ ಪೂರ್ತಿ ಬಂದಿಲ್ಲ. ಕೆಲಸ ಹಿಂದೆ ಬೀಳುತ್ತಿದೆ. ಯಾರಾದರೂ ಕೆಲವು ದಿನ ಜೊತೆಗಿದ್ದು ಹೇಳಿಕೊಟ್ಟರೆ ಸರಿಮಾಡುತ್ತೇನೆ."

ಅವರ ಸೆರಗು ಹಿಡಿದು ಜಗ್ಗಿದೆ. "ಬೇಡ ಮೇಡಂ, ಹರಿದಾಕ್ಬಿಡಿ. ಎಸಿ ಅಂತ ಬರೀರಿ."

"ಕೇಳ್ಯಾರಲ್ಲವಾ," ಎಂದು ಪಿಸುಗುಟ್ಟಿದರು. "ಕೇಳಿದ ಮ್ಯಾಲೂ ಹೇಳ್ಲಿಲ್ಲಂದ್ರ ತಪ್ಪು ನಂದಾಗ್ತೈತಿ."

ಎದ್ದು ಹೋಗಿ ಅಂಟಿಸಿಯೇಬಿಟ್ಟರು. ಮುಖ್ಯಸ್ಥ ಅದನ್ನು ಗಟ್ಟಿಯಾಗಿ ಓದಿದ. ಆಮೇಲೆ ಅವನು, "ವಾವ್, ಎಂಥಾ ಧೈರ್ಯ! ಇಂಥವ್ರು ಬೇಕು ನಮ್ಗೆ," ಎಂದು ಚಪ್ಪಾಳೆ ತಟ್ಟಿದ. ನಾವೂ ತಟ್ಟಿದೆವು. ಸಂಜೆ ಬಸ್ಸಿನಲ್ಲಿ ಮೇಡಂ ಹಗುರವಾಗಿ ಕೂತಿದ್ದರು. ಹೇಳಿಕೊಡುವುದಕ್ಕೆ ಯಾರನ್ನು ಕಳಿಸಬಹುದು ಎಂದು ನನ್ನನ್ನೇ ಕೇಳಿದರು. ನಾನು ಕಿಟಕಿಯ ಆಚೆ ನೋಡುತ್ತಾ ಹೂಂಗುಟ್ಟಿದೆ...

ತಿಂಗಳ ಮೊದಲ ದಿನ ಗೇಟಿನ ಸಾಲಿನಲ್ಲಿ ಅವರು ನನ್ನ ಮುಂದಿದ್ದರು. ಕಾರ್ಡು ಇಟ್ಟರು. ಕೆಂಪು. ಸೆರಗಿನಿಂದ ಕಾರ್ಡು ಒರೆಸಿ ಮತ್ತೆ ಇಟ್ಟರು. ಮತ್ತೆ ಕೆಂಪು. "ಸೈಡಿಗೆ ಬನ್ನಿ ಮೇಡಂ, ಹಿಂದೆ ಜನ ಇದಾರೆ," ಎಂದ ಸೆಕ್ಯೂರಿಟಿಯವನು. ಮೇಡಂ ಪಕ್ಕಕ್ಕೆ ಸರಿದು ನನ್ನ ಕಡೆ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಲೆಕ್ಕ ತಪ್ಪಿದಾಗ ಆಗುವಂಥ ಒಂದು ಗೊಂದಲ.

"ನೀ ಹೋಗವಾ. ಮೀಟಿಂಗಿಗೆ ಹೊತ್ತಾಗ್ತೈತಿ."

ನನ್ನ ಕಾರ್ಡಿಗೆ ಹಸಿರು ಬಂತು. ದೇವರಾಣೆಗೂ ಹೇಳುತ್ತೇನೆ, ಆ ಕ್ಷಣ ನನಗಾದದ್ದು ಸಮಾಧಾನ. ದುಃಖ ಬಂದದ್ದು ಲಿಫ್ಟಿನೊಳಗೆ. ಮೇಲೆ ಎಲ್ಲರೂ ಸುತ್ತ ನಿಂತಿದ್ದರು, ಅವರ ಜಾಗ ಆಗಲೇ ಮುಚ್ಚಿಕೊಂಡಿತ್ತು. ಅಡಚಣೆ ಏನಾದರೂ ಇದೆಯೇ ಎಂದು ಮುಖ್ಯಸ್ಥ ನನ್ನನ್ನು ಕೇಳಿದ. ಏನೂ ಇಲ್ಲ ಎಂದೆ.

ಈಗ ನಾನು ವರ್ತೂರಿನಲ್ಲಿ ಬಾಡಿಗೆಗಿದ್ದೇನೆ. ಮೇಡಮ್ಮಿನ ಅಂದಿನ ವಯಸ್ಸಿಗೆ ಹತ್ತಿರ ಬಂದಿದ್ದೇನೆ. ಇಷ್ಟು ವರ್ಷ ಬೇರೆ ಬೇರೆ ತಂಡಗಳಿಗೆ ಬೆಳಗಿನ ಮೀಟಿಂಗು ನಡೆಸಿಕೊಂಡು ಅಜೈಲಿನಲ್ಲೇ ಅನ್ನ ತಿಂದೆ, ಈಗ ಗಾಳಿ ತಿರುಗಿದೆ. ಬೆಳಗಿನ ಮೀಟಿಂಗು ನಡೆಸಲು ಬೇರೆ ಆಳು ಬೇಡವಂತೆ, ತಂಡದವರೇ ನಡೆಸಿಕೊಳ್ಳುತ್ತಾರಂತೆ. ಶುರುವಿನಿಂದ ಕೊನೆಯವರೆಗೆ ಪೂರ್ತಿ ಯೋಜನೆ ಹಾಕಬಲ್ಲವರು ಬೇಕಂತೆ. ನನಗೆ ಅದು ಬರುವುದಿಲ್ಲ. ಗುತ್ತಿಗೆ ಹೋಗಿ ಮನೆಯಲ್ಲಿ ಕೂತಿದ್ದೇನೆ, ಫೋನ್ ರಿಂಗಾದರೂ ಹೆದರಿಕೆ, ಆಗದಿದ್ದರೂ ಹೆದರಿಕೆ.

ಮುಲಾಮಿನ ವಾಸನೆ ಬಡಿದ ಆ ದಿನ ಮನೆಗೆ ಬಂದು ಮೇಡಮ್ಮಿಗೆ ಫೋನ್ ಮಾಡಿದೆ. ನಿಮ್ಮ ಹಳೆಯ ಯೋಜನೆ ಹಾಕುವುದನ್ನು ಹೇಳಿಕೊಡಿ ಎಂದು ಕೇಳುವುದಿತ್ತು. ಅವರ ಮಗಳು ಎತ್ತಿದಳು. ಅಮ್ಮ ಹೋದ ವರ್ಷ ತೀರಿಕೊಂಡರು ಎಂದಳು. ಅಲ್ಲಿಂದ ಬಂದ ಮೇಲೆ ಅವರಿಗೆ ಬೇರೆ ಕೆಲಸವೇ ಸಿಗಲಿಲ್ಲವಂತೆ.

ನಿನ್ನೆ ಏಜೆನ್ಸಿಯವನ ಫೋನು. "ಮೇಡಂ, ಹಳೇ ಸ್ಟೈಲ್ ಪ್ಲಾನಿಂಗ್ ಗೊತ್ತಿರೋರು ಯಾರಾದ್ರೂ ಇದಾರಾ? ಅತ್ತಿಬೆಲೆ ಫ್ಯಾಕ್ಟ್ರಿಗೆ, ಸಕ್ಕತ್ ಅರ್ಜೆಂಟು."

"ಒಬ್ರಿದ್ರು," ಎಂದೆ.

"ನಂಬರ್ ಕೊಡಿ ಮೇಡಂ."

"ತೀರ್ಕೊಂಡ್ರು."

"ಓ... ಹೋಗ್ಲಿ, ನೀವೇ ಮಾಡ್ತೀರಾ? ನಿಮ್ಗೆ ಗೊತ್ತಲ್ವಾ?"

ಬರುವುದಿಲ್ಲ, ಯಾರಾದರೂ ಕೆಲವು ದಿನ ಜೊತೆಗಿದ್ದು ಹೇಳಿಕೊಟ್ಟರೆ ಕಲಿಯುತ್ತೇನೆ ಎಂದು ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಚೆನ್ನಾಗಿ ಗೊತ್ತು," ಎಂದೆ.