ಅತ್ತಿಗೆಗೆ ಸೊನ್ನೆ ಕೊಟ್ಟ ಮೇಷ್ಟ್ರು

ಎಲ್ಲರೂ ಅವನನ್ನು ಕಪ್ಪೆ ಎಂದೇ ಕರೆಯುತ್ತಿದ್ದರು. ನೀರಿಗಿಳಿದರೆ ಚುರುಕು, ನೆಲದ ಮೇಲೆ ಮಾತೇ ಹೊರಡದು. ಕಡಲೊಳಗಿನ ಹವಳದ ದಿಬ್ಬಗಳಲ್ಲಿ ಎಷ್ಟು ಬದುಕಿದೆ, ಎಷ್ಟು ಸತ್ತಿದೆ ಎಂದು ನೋಡಿ ಬರೆದುಕೊಳ್ಳುವ ಸ್ವಯಂಸೇವಕರಿಗೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸುವುದು ಅವನ ಕೆಲಸ. ಆರು ಜನ ಸೇರದಿದ್ದರೆ ತರಗತಿ ನಡೆಯುವಂತಿರಲಿಲ್ಲ. ಆ ವರ್ಷ ಬಂದವರು ಐವರೇ.

"ಆರನೆಯವಳು ನಾನಾಗ್ತೀನಿ ಬಿಡು," ಅಂದಳು ಅತ್ತಿಗೆ, ಹೊಲಿಗೆ ಯಂತ್ರ ತುಳಿಯುತ್ತಲೇ.

ಅವನು ನಕ್ಕ. ಅತ್ತಿಗೆ ನಗಲಿಲ್ಲ. ಅವಳಿಗೆ ಐವತ್ತೆರಡು. ತಾಯಿ ಇಲ್ಲದ ಮನೆಗೆ ಸೊಸೆಯಾಗಿ ಬಂದಾಗ ಈ ಮೈದುನನಿಗೆ ಏಳು ವರ್ಷ. ತಲೆ ಬಾಚಿ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ, ಈಜಿಗೆ ಕಳಿಸಿ ಬೆಳೆಸಿದವಳು ಅವಳೇ. ಇಂಥವಳಿಗೆ ಪಾಠ ಹೇಳುವುದೆಂದರೆ ಅವನ ಜೀವ ಬಾಯಿಗೆ ಬಂದಿತ್ತು.

ಈಜುಕೊಳದ ತಳದಲ್ಲಿ ಅವನು ಅಳತೆಯ ಟೇಪು ಹಾಸಿ, ಆಚೀಚೆ ಬಾಟಲಿ, ಸ್ಪಂಜು, ಹೆಂಚಿನ ಚೂರು ನಿಲ್ಲಿಸಿದ್ದ. ಅವೇ ಹವಳ. ಟೇಪಿನ ಮೇಲೆ ತೇಲುತ್ತಾ ಸಾಗಿ, ಅರ್ಧರ್ಧ ಮೀಟರಿಗೆ ಕೆಳಗೇನಿದೆ ಎಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಬರೆಯಬೇಕು. ಕಾಲಿಗೆ ಕಟ್ಟಿದ ರಬ್ಬರ್ ರೆಕ್ಕೆ ಕೂಡ ಯಾವುದಕ್ಕೂ ತಾಗಬಾರದು.

ಪರೀಕ್ಷೆಯ ದಿನ ಅತ್ತಿಗೆಯ ಕಾಲು ತಾಗಿ ಎರಡು ಬಾಟಲಿ ಉರುಳಿದವು. ಉಳಿದ ಐವರೂ ಮೇಷ್ಟ್ರ ಮುಖ ನೋಡಿದರು.

"ನಿಜವಾದ ಹವಳ ಆಗಿದ್ರೆ ಅಷ್ಟು ಬೆಳೆಯೋಕೆ ಎಷ್ಟೋ ವರ್ಷ ಬೇಕಿತ್ತು, ಅತ್ತಿಗೆ," ಅಂದ, ನೆಲ ನೋಡುತ್ತಾ. "ಪಾಸ್ ಮಾಡೋಕಾಗಲ್ಲ."

"ಸರಿ, ಮೇಷ್ಟ್ರೇ."

ಅಂದು ಊಟಕ್ಕೆ ಕೂತಾಗ ಅವನು ಅನ್ನ ಕಲೆಸುತ್ತಲೇ ಇದ್ದ. "ಉಣಿಸಿದ ಕೈಗೇ ಸೊನ್ನೆ ಕೊಟ್ಟೆಯಲ್ಲೋ!" ಅಂತ ಅಣ್ಣ ಬೇರೆ ಕಿಚಾಯಿಸಿದ.

"ನೀವು ಸುಮ್ನಿರಿ," ಅಂದಳು ಅತ್ತಿಗೆ. "ನನ್ನ ಮುಖ ನೋಡಿ ಪಾಸ್ ಮಾಡಿದ್ರೆ ನಾಳೆ ಇವನ ಮಾತನ್ನ ನಾನೇ ನಂಬ್ತಿರಲಿಲ್ಲ. ಎಲ್ಲಿ ತಪ್ಪಿದೆ, ಅದನ್ನ ಹೇಳೋ."

"ಕೆಳಗಿಳೀತಿದ್ದೀನಿ ಅನ್ನಿಸಿದ ಕೂಡಲೇ ಕಾಲು ಬಡೀತೀರಿ. ಅದರ ಬದಲು ಮೆಲ್ಲಗೆ ಉಸಿರೆಳ್ಕೊಳ್ಳಿ, ಮೈ ತಾನಾಗೇ ಏಳತ್ತೆ."

"ಸೂಜಿಗೆ ದಾರ ಪೋಣಿಸೋವಾಗ ಉಸಿರು ಬಿಗಿ ಹಿಡೀತೀನಲ್ಲ, ಹಾಗಾ?"

"ಅಯ್ಯೋ, ಹಿಡಿಯೋದು ಮಾತ್ರ ಬೇಡ, ಶ್ವಾಸಕೋಶ ಒಡೆದೀತು!" ಅಂತ ಅವನು ಚೀರಿದ್ದಕ್ಕೆ ಮೂವರೂ ನಕ್ಕರು.

ಹನ್ನೆರಡು ದಿನ, ತನ್ನ ಹೊಲಿಗೆ ಅಂಗಡಿ ತೆರೆಯುವ ಮುನ್ನ, ಅವಳು ಕೊಳಕ್ಕಿಳಿದಳು. ಎರಡನೇ ಪರೀಕ್ಷೆಯಲ್ಲಿ ಒಂದು ಬಾಟಲಿಯೂ ಅಲುಗಲಿಲ್ಲ. ಕಪ್ಪೆಯ ಕಣ್ಣು ತುಂಬಿತು. ಕನ್ನಡಕದೊಳಗೆ ನೀರು ನುಗ್ಗಿದೆ ಎಂದು ಸುಳ್ಳು ಹೇಳಿ ಒರೆಸಿಕೊಂಡ.

ಮುಂದಿನ ವಾರ ಇಬ್ಬರೂ ಜೋಡಿಯಾಗಿ ಕಡಲಿಗಿಳಿದರು. ಒಬ್ಬರ ಹಿಂದೊಬ್ಬರು ಅದೇ ಸಾಲನ್ನು ನೋಡಿ, ಬೇರೆಬೇರೆಯಾಗಿ ಬರೆದು, ದೋಣಿಯಲ್ಲಿ ಹೋಲಿಸಿದರು. ನಲವತ್ತು ಕಡೆಗಳಲ್ಲಿ ಮೂವತ್ತೊಂಬತ್ತು ತಾಳೆಯಾದವು. ಇಪ್ಪತ್ತಮೂರನೆಯದಕ್ಕೆ ಅವನು 'ಸತ್ತಿದೆ' ಎಂದು ಬರೆದಿದ್ದ. ಅವಳು, 'ಬಿಳಿಚಿದೆ, ಜೀವ ಇದೆ.'

"ಹದಿನೈದು ವರ್ಷದಿಂದ ನೋಡ್ತಿದ್ದೀನಿ, ಅತ್ತಿಗೆ."

"ಇಲ್ಲ ಅಂದೋರ್ಯಾರು? ಆದ್ರೆ ನೀನು ಮೇಲಿಂದ ನೋಡಿದೆ. ಅಂಚಿನಲ್ಲಿ ಏನೋ ಮಿಸುಕಾಡ್ತಿತ್ತು ಕಣೋ."

ಅವನಿಗೆ ಸ್ವಲ್ಪ ಸಿಟ್ಟೂ ಬಂತು. ಆದರೂ ದೋಣಿಯಲ್ಲಿ ಸಾಕಷ್ಟು ಹೊತ್ತು ಸುಧಾರಿಸಿಕೊಂಡು, ಬೇರೆ ಸಿಲಿಂಡರ್ ಕಟ್ಟಿ, ಮತ್ತೆ ಮುಳುಗಿದ. ಬೆಳ್ಳಗೆ ಸುಣ್ಣದಂತಿದ್ದ ಹವಳದ ಹತ್ತಿರಕ್ಕೆ ಮುಖ ತಂದು ಕಾದ. ಅಂಚಿನ ಸಣ್ಣ ಸಣ್ಣ ಗುಳಿಗಳಲ್ಲಿ ಕೂದಲೆಳೆಯಂಥ ಬೆರಳುಗಳು ಮುಚ್ಚಿ, ಬಿಚ್ಚಿ, ನೀರನ್ನು ತಡಕುತ್ತಿದ್ದವು. ಎಂಥ ಮಂಕು ಕವಿದಿತ್ತು ತನಗೆ ಎಂದುಕೊಂಡ. ಇಂಥವೆಷ್ಟನ್ನು ಸತ್ತವು ಎಂದು ಬರೆದಿದ್ದೇನೋ ಎಂದೂ ಅನ್ನಿಸಿತು.

ದೋಣಿಗೆ ಬಂದವನೇ ತನ್ನ ಬರಹ ಹೊಡೆದು ಹಾಕಿ, ಪಕ್ಕದಲ್ಲಿ ಅವಳದನ್ನೇ ಬರೆದು, ಸಹಿಗೆ ಹಲಗೆ ಚಾಚಿದ.

"ನಾಲ್ಕು ತಿಂಗಳು ಬಿಟ್ಟು ಮತ್ತೆ ಬಂದು ನೋಡಬೇಕು," ಅಂದ. "ನೀವು ಜೊತೆಗಿರಬೇಕು."

"ಬರ್ತೀನಪ್ಪ," ಅಂದಳು ಅತ್ತಿಗೆ, ಸಹಿ ಹಾಕುತ್ತಾ. "ಅಲ್ಲೀವರೆಗೂ ಅದು ತಡ್ಕೊಳ್ಳಲಿ."

ಅದು ತಡೆದುಕೊಂಡಿತು. ಅವರು ಮತ್ತೆ ಇಳಿದಾಗ ಒಂದು ಮಗ್ಗುಲು ಪೂರ್ತಿ ಜೀವಂತ ಹವಳದ ಕಂದು ಬಣ್ಣಕ್ಕೆ ತಿರುಗಿತ್ತು.